ಇಂಧನದ ಬಣ್ಣ ಮತ್ತು ತೆರಿಗೆಯ ಶಾಸನ : ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಲಾರಿ ಸಾಗಣೆಯನ್ನು ದೃಷ್ಟಿಯಲ್ಲಿಟ್ಟು ಒಂದು ವಿವೇಚನೆ

೧. ಪ್ರಸ್ತಾವನೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳನ್ನೊಳಗೊಂಡ ಪ್ರದೇಶವು ಸುಣ್ಣಕಲ್ಲಿನ ಸೀಮೆಯೆಂದು ಪ್ರಸಿದ್ಧವಾಗಿರುವುದು ವಾಚಕರಿಗೆ ತಿಳಿದೇ ಇದೆ. ಶಹಾಬಾದದ ಫರ್ಸಿ ಕಲ್ಲು ದಕ್ಷಿಣ ಭಾರತದ ಎಷ್ಟೋ ಮನೆಗಳ ನೆಲವಾಗಿದೆ. ಶಹಾಬಾದದಲ್ಲಿ ಸಿಮೆಂಟಿನ ಉದ್ಯಮವು ನಿಜಾಮರ ಕಾಲದಲ್ಲಿಯೇ ನೆಲೆಗೊಂಡಿತು. ೧೯೬೦ರ ದಶಕದಲ್ಲಿ ವಾಡಿಯಲ್ಲಿಯೂ, ಆನಂತರದ ದಶಕಗಳಲ್ಲಿ ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಆಸುಪಾಸಿನಲ್ಲಿಯೂ ದೊಡ್ಡ ಕಾರ್ಖಾನೆಗಳು ಏರ್ಪಟ್ಟವು. ಹೈದರಾಬಾದಿಗೆ ೧೮೭೪ರಲ್ಲಿ ರೈಲುಮಾರ್ಗ ತೆರೆದಂದಿನಿಂದ ವಾಡಿಯು ಜಂಕ್ಷನ್ ಆಗಿದ್ದು, ಕಲ್ಲಿದ್ದಲು ಮೊದಲಾದ ಭಾರದ ಸರಕು ಬಹುಮಟ್ಟಿಗೆ ರೈಲಿನಲ್ಲಿ ಬರುತ್ತದೆ. ಆದರೆ ಗಣಿಯಿಂದ ಕಲ್ಲನ್ನು, ಕಾರ್ಖಾನೆಯಿಂದ ಸಿಮೆಂಟಿನ ಚೀಲಗಳನ್ನು, ಹೊಲದಿಂದ ತೊಗರಿಯನ್ನು ಹೊರುವ ಕೆಲಸದಲ್ಲಿ ಲಾರಿಯ ಪಾಲು ದೊಡ್ಡದು. ಲಾರಿಯ ಬಾಡಿಗೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬತ್ತು ಡೀಸೆಲಿನದು. ಆದುದರಿಂದ ಡೀಸೆಲಿನ ಬೆಲೆಗೂ ಅದರಂತೆಯೇ ಉರಿಯಬಲ್ಲ ಬೇರೊಂದು ಎಣ್ಣೆಯ ಬೆಲೆಗೂ ಅಂತರವಿದ್ದಲ್ಲಿ, ಆ ಅಂತರವು ಈ ಸೀಮೆಯ ರಸ್ತೆಗಳಿಗೆ ಸಂಬಂಧಿಸಿದ ವಿಷಯವಾಗಿಯೇ ಆಗುತ್ತದೆ.

ಒಂದೇ ಬಗೆಯ ಎಣ್ಣೆಗೆ ಉಪಯೋಗವನ್ನನುಸರಿಸಿ ಎರಡು ಬೆಲೆಗಳನ್ನು ನಿಗದಿಮಾಡಿದಾಗ, ಕಡಮೆ ಬೆಲೆಯ ಎಣ್ಣೆಯು ರಸ್ತೆಯ ವಾಹನದೊಳಕ್ಕೆ ಹೋಗದಂತೆ ತಡೆಯುವ ಬಗೆ ಹೇಗೆ? ಕೆಲವು ದೇಶಗಳು ಇದಕ್ಕಾಗಿ ತೆರಿಗೆಯಿಲ್ಲದ ಡೀಸೆಲಿಗೆ ಬಣ್ಣ ಹಾಕಿದವು. ನಮ್ಮ ದೇಶವು ಡೀಸೆಲಿಗೆ ಬಣ್ಣ ಹಾಕಲಿಲ್ಲ. ಬಡವರ ಸೀಮೆಎಣ್ಣೆಗೆ ಬಣ್ಣ ಹಾಕಿತು. ಈ ಎರಡು ಕ್ರಮಗಳ ಹಿಂದಿರುವ ಶಾಸನಗಳೇನು, ಅವುಗಳ ಜಾರಿ ಎಲ್ಲಿ ಫಲಿಸಿತು, ಎಲ್ಲಿ ಸೋತಿತು, ಸೋತಾಗ ನಷ್ಟವನ್ನು ಹೊತ್ತವರು ಯಾರು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ಪರಿಶೀಲಿಸಲು ನಾವು ಉದ್ದೇಶಿಸಿದ್ದೇವೆ.

ಈ ಸೀಮೆಯ ಜನರಿಗೆ ಇಂತಹ ಪ್ರಶ್ನೆ ಹೊಸದೇನೂ ಅಲ್ಲ. ಹೈದರಾಬಾದು ಸಂಸ್ಥಾನಕ್ಕೆ ತನ್ನದೇ ಆದ ಸುಂಕದ ಇಲಾಖೆಯಿದ್ದು, ಅದನ್ನು ಕರೋಡಗಿರಿಯೆಂದು ಕರೆಯುತ್ತಿದ್ದರು. ಸಂಸ್ಥಾನದ ಎಲ್ಲೆಯನ್ನು ದಾಟಿ ಒಳಬರುವ ಮತ್ತು ಹೊರಹೋಗುವ ಸರಕಿಗೆ ಅದು ಸುಂಕ ವಿಧಿಸುತ್ತಿತ್ತು. ೧೯೪೮ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕರೋಡಗಿರಿಯ ನಾಕೆಗಳು ಹೋದವು. ಆದರೆ ಗೆರೆಯ ಈಚೆ ಒಂದು ಬೆಲೆ, ಆಚೆ ಇನ್ನೊಂದು ಬೆಲೆ ಎಂಬ ಸ್ಥಿತಿ ಹೋಗಲಿಲ್ಲ ಎಂಬುದನ್ನು ಮುಂದೆ ಕಾಣುವೆವು.

೨. ಬಣ್ಣ ಹಾಕುವ ಪದ್ಧತಿ

ಡೀಸೆಲಿನ ಮೇಲಣ ತೆರಿಗೆಯನ್ನು ಅನೇಕ ದೇಶಗಳು ರಸ್ತೆಯ ಉಪಯೋಗಕ್ಕೆ ತೆರುವ ಬೆಲೆಯೆಂದು ಭಾವಿಸುತ್ತವೆ. ರಸ್ತೆಯ ಮೇಲೆ ಓಡದ ಟ್ರ್ಯಾಕ್ಟರು, ದೋಣಿ, ಮನೆ ಕಾಯಿಸುವ ಒಲೆ ಇವು ಆ ತೆರಿಗೆಯನ್ನು ಕೊಡಬೇಕಾಗಿಲ್ಲ ಎಂಬುದು ಇದರಿಂದ ಹೊರಡುವ ತರ್ಕ. ಆದರೆ ಟ್ರ್ಯಾಕ್ಟರಿನ ಡೀಸೆಲಿಗೂ ಲಾರಿಯ ಡೀಸೆಲಿಗೂ ಗುಣದಲ್ಲಿ ಭೇದವಿಲ್ಲವಾದ್ದರಿಂದ, ಕಣ್ಣಿಗೆ ಕಾಣುವ ಭೇದವೊಂದನ್ನು ಕಲ್ಪಿಸಬೇಕಾಯಿತು. ಅಮೆರಿಕಾ ಸಂಯುಕ್ತ ಸಂಸ್ಥಾನವು ೧೯೯೪ರಿಂದ ತೆರಿಗೆಯಿಲ್ಲದ ಡೀಸೆಲಿಗೆ ಕೆಂಪು ಬಣ್ಣವನ್ನು ಕಡ್ಡಾಯಗೊಳಿಸಿತು. ತೆರಿಗೆ ಇಲಾಖೆಯ ತನಿಖಾಧಿಕಾರಿಯು ರಸ್ತೆಯ ಬದಿಯಲ್ಲಿ ಲಾರಿಯನ್ನು ನಿಲ್ಲಿಸಿ, ಟ್ಯಾಂಕಿನಿಂದ ಸ್ವಲ್ಪ ಎಣ್ಣೆಯನ್ನು ತೆಗೆದು ನೋಡಬಹುದು. ಕೆಂಪು ಕಂಡುಬಂದರೆ ಗ್ಯಾಲನ್ನಿಗೆ ೧೦ ಡಾಲರು ಅಥವಾ ಒಟ್ಟು ೧,೦೦೦ ಡಾಲರು, ಇವುಗಳಲ್ಲಿ ಯಾವುದು ಹೆಚ್ಚೋ ಅದು ದಂಡ. ಅಪರಾಧ ಮರುಕಳಿಸಿದಂತೆ ದಂಡವೂ ಬೆಳೆಯುತ್ತದೆ. ಟ್ಯಾಂಕನ್ನು ಪರೀಕ್ಷಿಸಲು ಒಪ್ಪದಿರುವುದಕ್ಕೂ ಪ್ರತ್ಯೇಕ ದಂಡವುಂಟು.

ಬ್ರಿಟನ್ನಿನಲ್ಲಿಯೂ ಇಂತಹ ಕೆಂಪು ಡೀಸೆಲು ಬಹುಕಾಲದಿಂದ ರೂಢಿಯಲ್ಲಿದೆ. ಐರ್ಲೆಂಡಿನಲ್ಲಿ ಅದರ ಬಣ್ಣ ಹಸುರು. ಐರ್ಲೆಂಡಿನ ಗಡಿಪ್ರದೇಶದ ಅನುಭವವು ನಮಗೆ ವಿಶೇಷವಾಗಿ ಬೋಧಪ್ರದವಾಗಿದೆ. ಅಲ್ಲಿ ಬಣ್ಣದ ಡೀಸೆಲನ್ನು ಆಮ್ಲದಿಂದಲೋ ಬಣ್ಣ ಹೀರುವ ಜೇಡಿಯಿಂದಲೋ ತೊಳೆದು, ತೆರಿಗೆ ಸಂದ ಡೀಸೆಲೆಂಬಂತೆ ಮಾರುವ ದಂಧೆಯು ಬೆಳೆಯಿತು. ತೊಳೆದು ಉಳಿದ ವಿಷಮಯವಾದ ರೊಚ್ಚನ್ನು ರಸ್ತೆಯ ಬದಿಗಳಲ್ಲಿ ಸುರಿದು ಹೋಗುತ್ತಿದ್ದರು; ಅದನ್ನು ಶುಚಿಗೊಳಿಸುವ ಖರ್ಚು ಸಾರ್ವಜನಿಕರ ಪಾಲಿಗೆ ಬಂದಿತು. ಕೊನೆಗೆ ಬ್ರಿಟನ್ ಮತ್ತು ಐರ್ಲೆಂಡುಗಳೆರಡೂ ಕೂಡಿ ೨೦೧೫ರಲ್ಲಿ, ಸುಲಭವಾಗಿ ತೊಳೆದುಹೋಗದ ಹೊಸ ಗುರುತು ದ್ರವ್ಯವೊಂದನ್ನು ಬಳಕೆಗೆ ತಂದವು. ೨೦೨೨ರ ಏಪ್ರಿಲ್ ೧ರಿಂದ ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೃಷಿಯೇ ಮೊದಲಾದ ಕೆಲವನ್ನು ಬಿಟ್ಟು, ಕಟ್ಟಡ ನಿರ್ಮಾಣ ಮತ್ತು ಗಣಿಗಾರಿಕೆಗಳಂತಹ ಬಹುಪಾಲು ಉದ್ಯಮಗಳಿಗೆ ಕೆಂಪು ಡೀಸೆಲಿನ ಹಕ್ಕನ್ನು ರದ್ದುಪಡಿಸಿತು.

ಈ ಪದ್ಧತಿಯ ಗುಣವೊಂದನ್ನು ಇಲ್ಲಿಯೇ ಗುರುತಿಸಬೇಕು. ಬಣ್ಣವು ಎಣ್ಣೆಯ ಜೊತೆಗೇ ಪ್ರಯಾಣಮಾಡುತ್ತದೆ. ಎಣ್ಣೆಯು ಎಷ್ಟು ಕೈ ಬದಲಾಯಿಸಿದರೂ ಅದರ ಮೂಲವನ್ನು ಟ್ಯಾಂಕಿನೊಳಗೇ ಕಾಣಬಹುದು. ದೋಷವೂ ಅಲ್ಲಿಯೇ ಇದೆ: ಬಣ್ಣವು ಸಾಕ್ಷಿಯೇ ಹೊರತು ಕಾವಲುಗಾರನಲ್ಲ. ಸಾಕ್ಷಿಯನ್ನು ಅಳಿಸಲು ತಗಲುವ ಖರ್ಚು ಬೆಲೆಯ ಅಂತರಕ್ಕಿಂತ ಕಡಮೆಯಾದರೆ, ಸಾಕ್ಷಿಯನ್ನು ಅಳಿಸುವವರು ಹುಟ್ಟಿಕೊಳ್ಳುತ್ತಾರೆ.

೩. ನಮ್ಮ ದೇಶದ ನೀಲಿ ಎಣ್ಣೆ

ಭಾರತದಲ್ಲಿ ಹೊಲದ ಟ್ರ್ಯಾಕ್ಟರಿಗೂ ಹೆದ್ದಾರಿಯ ಲಾರಿಗೂ ಒಂದೇ ಬಂಕಿನಿಂದ ಒಂದೇ ಬೆಲೆಯ ಡೀಸೆಲು ದೊರೆಯುತ್ತದೆ. ಕರ್ನಾಟಕದ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ರಾಜ್ಯದ ಮಾರಾಟ ತೆರಿಗೆಯಿಂದ ವಿನಾಯಿತಿ ಪಡೆದ, ಕರರಹಿತ ಡೀಸೆಲೆಂದು ಹೆಸರಾದ ಡೀಸೆಲನ್ನು ಕೊಡುವುದುಂಟು. ಆದರೆ ಅದಕ್ಕೂ ಬಣ್ಣವಿಲ್ಲ. ದೋಣಿಗಿಷ್ಟು ಎಂಬ ಮಿತಿ ಮತ್ತು ಲೆಕ್ಕದ ಪುಸ್ತಕಗಳೇ ಅಲ್ಲಿ ಕಾವಲು.

ನಮ್ಮಲ್ಲಿ ಬಣ್ಣ ಬಿದ್ದುದು ಪಡಿತರದ ಸೀಮೆಎಣ್ಣೆಗೆ. ನಮ್ಮ ಕಡೆ ಚಿಮಣಿ ಎಣ್ಣೆಯೆಂದು ಕರೆಯಲ್ಪಡುವ ಇದನ್ನು ದೀಪಕ್ಕೂ ಒಲೆಗೂ ಎಂದು ಸರ್ಕಾರವು ಸಹಾಯಧನದಿಂದ ಅತಿ ಕಡಮೆ ಬೆಲೆಗೆ ನ್ಯಾಯಬೆಲೆ ಅಂಗಡಿಗಳ ಮೂಲಕ ಹಂಚುತ್ತಿತ್ತು. ಮುಕ್ತ ಮಾರುಕಟ್ಟೆಯ ಬಿಳಿ ಸೀಮೆಎಣ್ಣೆಯಿಂದ ಬೇರ್ಪಡಿಸುವ ಸಲುವಾಗಿ ಪಡಿತರದ ಎಣ್ಣೆಗೆ ನೀಲಿ ಬಣ್ಣವನ್ನು ಬೆರೆಸಲಾಗುತ್ತದೆ. ತೆರಿಗೆಯಿಲ್ಲದ ಡೀಸೆಲಿಗೂ ಸಹಾಯಧನದ ಸೀಮೆಎಣ್ಣೆಗೂ ಹೆಸರು ಬೇರೆಯಾದರೂ ಅರ್ಥಶಾಸ್ತ್ರದ ದೃಷ್ಟಿಯಿಂದ ಎರಡೂ ಒಂದೇ: ರಸ್ತೆಯ ಇಂಧನಕ್ಕಿಂತ ಅಗ್ಗವಾದ, ರಸ್ತೆಯಲ್ಲಿ ಉರಿಸಕೂಡದ, ಆದರೆ ಉರಿಸಬಹುದಾದ ಎಣ್ಣೆಗಳು.

ಅಂತರವು ಎಷ್ಟಿತ್ತು? ೨೦೦೫ರ ಸುಮಾರಿಗೆ ಪಡಿತರದ ಸೀಮೆಎಣ್ಣೆಯ ಬೆಲೆ ಲೀಟರಿಗೆ ಸುಮಾರು ೯ ರೂಪಾಯಿಯಷ್ಟಿದ್ದರೆ, ಡೀಸೆಲು ೩೦ ರೂಪಾಯಿಯನ್ನು ಮುಟ್ಟಿತ್ತು. ಉದಾಹರಣೆಗೆ, ೩೦೦ ಲೀಟರು ಹಿಡಿಯುವ ಟ್ಯಾಂಕಿನಲ್ಲಿ ಐದರಲ್ಲೊಂದು ಪಾಲು, ಎಂದರೆ ೬೦ ಲೀಟರು, ಸೀಮೆಎಣ್ಣೆಯಾಗಿದ್ದರೆ ಒಂದು ತುಂಬಿಗೆ ೧,೨೦೦ ರೂಪಾಯಿಗೂ ಮೇಲ್ಪಟ್ಟು ಉಳಿಯುತ್ತಿತ್ತು. ಸೀಮೆಎಣ್ಣೆಯು ಕಳ್ಳಸಂತೆಯಲ್ಲಿ ಪಡಿತರದ ಬೆಲೆಗೇ ಸಿಕ್ಕದು. ಆದುದರಿಂದ ಈ ಲಾಭವು ಅಂಗಡಿಯವನು, ಮಧ್ಯವರ್ತಿ, ಟ್ಯಾಂಕರಿನವನು, ಬಂಕಿನವನು ಇವರಲ್ಲಿ ಹಂಚಿಹೋಗುತ್ತಿತ್ತೆಂದು ಊಹಿಸಬೇಕು. ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಲಿಯು ೨೦೦೫ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, ದೇಶದ ಪಡಿತರ ಸೀಮೆಎಣ್ಣೆಯಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಭಾಗ ದಾರಿತಪ್ಪಿ ಹೋಗುತ್ತಿತ್ತು.

ಈ ಸಂಖ್ಯೆಯ ಅರ್ಥವನ್ನು ಚಿಂಚೋಳಿಯ ಕಡೆಯ ತಾಂಡಾಗಳನ್ನು ನೆನೆದು ಗ್ರಹಿಸಬೇಕು. ಲಾರಿಯ ಟ್ಯಾಂಕಿಗೆ ಹೋದ ಪ್ರತಿಯೊಂದು ಲೀಟರು ನೀಲಿ ಎಣ್ಣೆಯೂ ಯಾವುದೋ ಒಂದು ಪಡಿತರ ಚೀಟಿಯ ಲೆಕ್ಕದ್ದು. ಅಂಗಡಿಯಲ್ಲಿ 'ಈ ತಿಂಗಳು ಎಣ್ಣೆ ಬಂದಿಲ್ಲ' ಎಂಬ ಉತ್ತರವನ್ನು ಕೇಳಿ ಖಾಲಿ ಡಬ್ಬಿಯೊಡನೆ ಮರಳುವ ಮನೆಯಲ್ಲಿ ಅಂದು ಓದುವ ಮಗುವಿಗೆ ದೀಪವಿಲ್ಲ. ಕೆಂಪು ಡೀಸೆಲಿನ ದುರುಪಯೋಗದಿಂದ ಬ್ರಿಟನ್ನಿನಲ್ಲಿ ನಷ್ಟವಾಗುವುದು ಬೊಕ್ಕಸಕ್ಕೆ; ನೀಲಿ ಎಣ್ಣೆಯ ದುರುಪಯೋಗದಿಂದ ನಮ್ಮಲ್ಲಿ ನಷ್ಟವಾದುದು ಬೊಕ್ಕಸಕ್ಕೂ ಹೌದು, ಬಡವನ ಮನೆಗೂ ಹೌದು.

ಯಂತ್ರಕ್ಕೂ ಕೇಡು ತಪ್ಪದು. ಸೀಮೆಎಣ್ಣೆಯು ಡೀಸೆಲಿಗಿಂತ ತೆಳು, ಜಿಡ್ಡು ಕಡಮೆ. ಡೀಸೆಲು ಎಂಜಿನ್ನಿನ ಇಂಧನ ಪಂಪು ಮತ್ತು ಇಂಜೆಕ್ಟರುಗಳಿಗೆ ಡೀಸೆಲೇ ಕೀಲೆಣ್ಣೆಯೂ ಆಗಿರುವುದರಿಂದ, ಕಲಬೆರಕೆಯಿಂದ ಅವು ಬೇಗ ಸವೆಯುತ್ತವೆ. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ರ ಮಾನದಂಡದಂತೆ ಡೀಸೆಲಿನಲ್ಲಿ ಗಂಧಕವು ಹತ್ತು ಲಕ್ಷಕ್ಕೆ ೧೦ ಭಾಗಗಳನ್ನು ಮೀರಕೂಡದು. ಸೀಮೆಎಣ್ಣೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಗಂಧಕಕ್ಕೆ ಎಡೆಯಿದೆ. ಹೊಸ ಲಾರಿಗಳ ಹೊಗೆ ಶುದ್ಧಿಯ ಸಾಧನಗಳು ಇದರಿಂದ ಕೆಡುತ್ತವೆ.

೪. ಶಾಸನ ಮತ್ತು ಜಾರಿ

ಅಮೆರಿಕದಲ್ಲಿ ಈ ವಿಷಯವು ತೆರಿಗೆಯ ಕಾನೂನಿಗೆ ಸೇರಿದ್ದು. ನಮ್ಮಲ್ಲಿ ಇದರ ತಳಹದಿಯು ೧೯೫೫ರ ಅವಶ್ಯಕ ವಸ್ತುಗಳ ಅಧಿನಿಯಮ. ಅದರ ೩ನೆಯ ಪ್ರಕರಣದ ಅಧಿಕಾರದಿಂದ ಹೊರಟ ಆದೇಶಗಳಲ್ಲಿ ಮೂರು ನಮಗೆ ಮುಖ್ಯವಾಗಿವೆ. ಮೊದಲನೆಯದು ೧೯೯೩ರ ಸೀಮೆಎಣ್ಣೆ ಆದೇಶ. ಪಡಿತರದ ಎಣ್ಣೆಯನ್ನು ಅಡುಗೆ ಮತ್ತು ದೀಪಗಳಿಗೆ ಮೀಸಲಾಗಿಟ್ಟು, ಇತರ ಉಪಯೋಗವನ್ನು ಇದು ನಿಷೇಧಿಸಿತು. ಎರಡನೆಯದು ದ್ರಾವಕ, ರಾಫಿನೇಟ್ ಮತ್ತು ಸ್ಲಾಪ್ ಎಂಬ ಪೆಟ್ರೋಲಿಯಂ ಉಪೋತ್ಪನ್ನಗಳನ್ನು ಕುರಿತ ೨೦೦೦ದ ಆದೇಶ. ಇವುಗಳನ್ನು ಮೋಟಾರು ವಾಹನಗಳಲ್ಲಿ ಉಪಯೋಗಿಸದಂತೆ ತಡೆಯುವ ಉದ್ದೇಶವು ಅದರ ಹೆಸರಿನಲ್ಲಿಯೇ ಇದೆ. ಮೂರನೆಯದು ಪೆಟ್ರೋಲು ಮತ್ತು ಡೀಸೆಲುಗಳ ಸರಬರಾಜು, ಹಂಚಿಕೆ ಮತ್ತು ಅಕ್ರಮ ತಡೆಗಳನ್ನು ಕುರಿತು ೨೦೦೫ರ ಡಿಸೆಂಬರಿನಲ್ಲಿ ಹೊರಟ ಆದೇಶ. ಭಾರತೀಯ ಮಾನಕಗಳ ಪೈಕಿ ೧೪೬೦ನೆಯ ಸಂಖ್ಯೆಯ ಮಾನಕಕ್ಕೆ ಹೊಂದದಂತೆ ಡೀಸೆಲಿನಲ್ಲಿ ಅನ್ಯದ್ರವ್ಯವನ್ನು ಅಕ್ರಮವಾಗಿ ಸೇರಿಸುವುದು ಈ ಆದೇಶದಂತೆ ಕಲಬೆರಕೆಯಾಗುತ್ತದೆ.

ತಪಾಸಣೆಯ ಅಧಿಕಾರವು ಸರ್ಕಾರವು ಅಧಿಕೃತಗೊಳಿಸಿದ ಗೆಜೆಟೆಡ್ ಅಧಿಕಾರಿಗಳಿಗೂ, ಡೆಪ್ಯುಟಿ ಸೂಪರಿಂಟೆಂಡೆಂಟ್ ದರ್ಜೆಗೆ ಕಡಮೆಯಲ್ಲದ ಪೋಲೀಸ್ ಅಧಿಕಾರಿಗಳಿಗೂ, ಎಣ್ಣೆ ಕಂಪೆನಿಗಳ ಮಾರಾಟಾಧಿಕಾರಿಗಳಿಗೂ ಇದೆ. ಬಂಕಿನಲ್ಲಿ ಮಾಡುವ ಮೊದಲ ಪರೀಕ್ಷೆ ಸಾಂದ್ರತೆಯದು. ಗಾಜಿನ ಜಾಡಿಯಲ್ಲಿ ಎಣ್ಣೆಯನ್ನು ತುಂಬಿ, ಸಾಂದ್ರತಾಮಾಪಕ ಮತ್ತು ಉಷ್ಣಮಾಪಕಗಳನ್ನು ಇಳಿಬಿಟ್ಟು, ಕಂಡ ಅಂಕವನ್ನು ೧೫ ಡಿಗ್ರಿ ಸೆಂಟಿಗ್ರೇಡಿಗೆ ಕೋಷ್ಟಕದ ಸಹಾಯದಿಂದ ಪರಿವರ್ತಿಸುತ್ತಾರೆ. ಟ್ಯಾಂಕರು ಬಂದಾಗ ಬರೆದಿಟ್ಟ ಅಂಕಕ್ಕೂ ಇದಕ್ಕೂ ಘನಮೀಟರಿಗೆ ೩ ಕಿಲೋಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಂದೇಹಕ್ಕೆ ಕಾರಣವಾಗುತ್ತದೆ. ಆಗ ಮಾದರಿಗಳನ್ನು ಮೊಹರುಮಾಡಿ ಪ್ರಯೋಗಶಾಲೆಗೆ ಕಳುಹಿಸಬೇಕು. ಸೀಮೆಎಣ್ಣೆಯು ಡೀಸೆಲಿಗಿಂತ ಹಗುರವಾದುದರಿಂದ ಈ ಪರೀಕ್ಷೆಗೆ ಅರ್ಥವಿದೆ. ಇಲ್ಲಿ ನೀಲಿ ಬಣ್ಣದ ನೆರವು ಅಲ್ಪ. ಡೀಸೆಲಿಗೆ ಸಹಜವಾಗಿಯೇ ಹಳದಿ ಛಾಯೆಯಿದ್ದು, ಕೊಂಚ ನೀಲಿ ಅದರಲ್ಲಿ ಕರಗಿಹೋಗುತ್ತದೆ. ತೊಳೆದ ಎಣ್ಣೆಯಲ್ಲಂತೂ ಅದೂ ಇರದು. ಈ ಕೊರತೆಯನ್ನು ನೀಗಲೆಂದು ೨೦೦೬ರಲ್ಲಿ ಕಣ್ಣಿಗೆ ಕಾಣದ ರಾಸಾಯನಿಕ ಗುರುತೊಂದನ್ನು ಪಡಿತರ ಸೀಮೆಎಣ್ಣೆಗೆ ಸೇರಿಸತೊಡಗಿದರು. ಆದರೆ ಅದನ್ನೂ ತೊಳೆದು ತೆಗೆಯಬಹುದೆಂದು ಕಂಡುಬಂದು, ಕೆಲವೇ ವರ್ಷಗಳಲ್ಲಿ ಆ ಕ್ರಮವನ್ನು ಕೈಬಿಡಬೇಕಾಯಿತು.

ಅಧಿನಿಯಮದ ೭ನೆಯ ಪ್ರಕರಣದಂತೆ ಇಂತಹ ಆದೇಶಗಳ ಉಲ್ಲಂಘನೆಗೆ ಸಾಮಾನ್ಯವಾಗಿ ಮೂರು ತಿಂಗಳಿಂದ ಏಳು ವರ್ಷಗಳವರೆಗೆ ಸೆರೆಮನೆವಾಸ ಮತ್ತು ದಂಡ. ೬ಎ ಪ್ರಕರಣವು ವಶಪಡಿಸಿಕೊಂಡ ಸರಕನ್ನೂ ಅದನ್ನು ಹೊತ್ತ ವಾಹನವನ್ನೂ ಮುಟ್ಟುಗೋಲು ಹಾಕುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟಿದೆ. ಬಾಡಿಗೆಗೆ ಓಡುವ ಲಾರಿಯಾದರೆ, ಮುಟ್ಟುಗೋಲಿನ ಬದಲು ಸರಕಿನ ಮಾರುಕಟ್ಟೆ ಬೆಲೆಯನ್ನು ಮೀರದ ದಂಡವನ್ನು ತೆತ್ತು ಬಿಡಿಸಿಕೊಳ್ಳುವ ಅವಕಾಶವನ್ನು ಮಾಲೀಕನಿಗೆ ಕೊಡಬೇಕು. ತನಗೂ ತನ್ನ ಪ್ರತಿನಿಧಿಗೂ ಚಾಲಕನಿಗೂ ವಿಷಯ ತಿಳಿದಿರಲಿಲ್ಲವೆಂದೂ, ಎಲ್ಲರೂ ತಕ್ಕ ಎಚ್ಚರ ವಹಿಸಿದ್ದರೆಂದೂ ಮಾಲೀಕನು ಸಿದ್ಧಪಡಿಸಿದರೆ ವಾಹನವು ಮುಟ್ಟುಗೋಲಿನಿಂದ ಪಾರಾಗುತ್ತದೆ. ಮೊಕದ್ದಮೆಯಲ್ಲಿ ಮಾತ್ರ ೧೦ಸಿ ಪ್ರಕರಣದಂತೆ ಆರೋಪಿಯ ಮನಸ್ಸಿನಲ್ಲಿ ಅಪರಾಧದ ಅರಿವಿತ್ತೆಂದು ನ್ಯಾಯಾಲಯವು ಮೊದಲು ಭಾವಿಸುತ್ತದೆ. ಇರಲಿಲ್ಲವೆಂದು ತೋರಿಸುವ ಹೊಣೆ ಅವನದೇ.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮುಟ್ಟುಗೋಲಿನ ಈ ವಿಧಿಗಳು ಎಣ್ಣೆಯನ್ನು ಸರಕಾಗಿ ಹೊತ್ತ ಲಾರಿಯನ್ನು ಕುರಿತು ರಚಿತವಾದವು. ತನ್ನ ಎಂಜಿನ್ನಿನಲ್ಲಿಯೇ ಅದನ್ನು ಉರಿಸುವ ಲಾರಿಯನ್ನು ಕುರಿತು ಅಲ್ಲ. ಅಮೆರಿಕದ ಕಾನೂನು ಟ್ಯಾಂಕನ್ನು ನೋಡುತ್ತದೆ. ನಮ್ಮ ಕಾನೂನು ಪ್ರಧಾನವಾಗಿ ಬಂಕನ್ನು, ಅಂಗಡಿಯನ್ನು, ಟ್ಯಾಂಕರನ್ನು ನೋಡುತ್ತದೆ. ಇದರಿಂದ ಪಡಿತರದ ಎಣ್ಣೆಯ ಗ್ರಾಹಕನಿಗೆ ರಕ್ಷಣೆ ಉದ್ದೇಶಿತವಾಗಿದೆಯೆಂಬುದು ನಿಜ. ಆದರೆ ಬಂಕಿನಲ್ಲಿ ಪೂರ್ಣ ಬೆಲೆ ಕೊಟ್ಟು ಕಲಬೆರಕೆ ಡೀಸೆಲು ಹಾಕಿಸಿಕೊಂಡ ಲಾರಿಯವನು ಮೋಸಹೋದವನೇ ಹೊರತು ಮೋಸಗಾರನಲ್ಲ. ತಾನೇ ಬೆರೆಸಿದವನಿಗೂ, ಮೋಸಹೋದವನಿಗೂ, ಮಾಲೀಕನು ಕೊಟ್ಟಷ್ಟು ಹಣದಲ್ಲಿ ದಾರಿ ಸಾಗಿಸಬೇಕಾದ ಕೂಲಿಯ ಚಾಲಕನಿಗೂ ಇರುವ ಭೇದವನ್ನು ಟ್ಯಾಂಕಿನ ಬಣ್ಣವು ಹೇಳಲಾರದು. ಅದನ್ನು ತನಿಖೆಯೇ ಹೇಳಬೇಕು.

ತನಿಖೆಯ ಕೆಲಸ ಎಷ್ಟು ಕಠಿಣವೆಂಬುದಕ್ಕೆ ಎರಡು ಮರಣಗಳು ಸಾಕ್ಷಿಯಾಗಿವೆ. ಕೋಲಾರದ ಚಿನ್ನದ ಗಣಿ ಪ್ರದೇಶದಿಂದ ಬಂದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟಾಧಿಕಾರಿಯಾಗಿದ್ದ ಎಸ್. ಮಂಜುನಾಥ್ ಅವರು ಉತ್ತರಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆಯನ್ನು ತಡೆಯಹೋಗಿ ೨೦೦೫ರ ನವೆಂಬರ್ ೧೯ರಂದು ಕೊಲೆಯಾದರು. ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದ ಮಾಲೇಗಾಂವದ ಹೆಚ್ಚುವರಿ ಜಿಲ್ಲಾಧಿಕಾರಿ ಯಶವಂತ ಸೋನವಣೆ ಅವರನ್ನು ೨೦೧೧ರ ಜನವರಿ ೨೫ರಂದು ಮನಮಾಡದ ಬಳಿ ಎಣ್ಣೆಯ ಕಳ್ಳರು ಜೀವಂತವಾಗಿ ಸುಟ್ಟರು. ಲೀಟರಿಗೆ ೨೦ ರೂಪಾಯಿಯ ಅಂತರವು ಇಂತಹ ಕೃತ್ಯಗಳಿಗೆ ಸಾಲುವಷ್ಟು ಹಣವನ್ನು ಒಂದೆಡೆ ಕೂಡಿಹಾಕಬಲ್ಲದೆಂಬುದನ್ನು ನಾವು ಮರೆಯಲಾಗದು.

೫. ಬಣ್ಣದ ಸ್ಥಾನದಲ್ಲಿ ಕಾಗದ

ಸಿಮೆಂಟಿನ ಸೀಮೆಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಕ್ರಮವಿತ್ತು. ೧೯೫೬ರ ಕೇಂದ್ರ ಮಾರಾಟ ತೆರಿಗೆ ಅಧಿನಿಯಮದ ೮ನೆಯ ಪ್ರಕರಣದಂತೆ, ತಯಾರಿಕೆ, ಗಣಿಗಾರಿಕೆ, ವಿದ್ಯುದುತ್ಪಾದನೆಗಳಿಗಾಗಿ ಹೊರರಾಜ್ಯದಿಂದ ಸರಕನ್ನು ಕೊಳ್ಳುವ ನೋಂದಾಯಿತ ಉದ್ಯಮವು 'ಸಿ' ನಮೂನೆಯ ಘೋಷಣಾಪತ್ರವನ್ನು ಕೊಟ್ಟರೆ ಶೇಕಡಾ ೨ರಷ್ಟು ತೆರಿಗೆಯಿಂದ ಪಾರಾಗಬಹುದಾಗಿತ್ತು. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಡೀಸೆಲು ಅದರಿಂದ ಹೊರಗುಳಿಯಿತು. ಡೀಸೆಲಿನ ಮೇಲೆ ಕೇಂದ್ರದ ಉತ್ಪಾದನಾ ಸುಂಕವೂ, ಕರ್ನಾಟಕದಲ್ಲಿ ೧೯೫೭ರ ರಾಜ್ಯ ಮಾರಾಟ ತೆರಿಗೆ ಅಧಿನಿಯಮದ ತೆರಿಗೆಯೂ ಮುಂದುವರಿದವು. ಸಿಮೆಂಟಿನಂತಹ ಸರಕನ್ನು ತಯಾರಿಸುವವರಿಗೆ ಡೀಸೆಲಿನ ಮೇಲೆ 'ಸಿ' ನಮೂನೆಯ ರಿಯಾಯಿತಿ ಇನ್ನೂ ಉಂಟೇ ಎಂಬ ವಿವಾದ ಎದ್ದಿತು. ತಮಿಳುನಾಡಿನ ಸಿಮೆಂಟ್ ಕಂಪೆನಿಯೊಂದರ ಮೊಕದ್ದಮೆಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ೨೦೧೮ರಲ್ಲಿ ಉಂಟೆಂದು ತೀರ್ಪಿತ್ತಿತು. ೨೦೨೧ರ ಹಣಕಾಸು ಅಧಿನಿಯಮವು ಪ್ರಕರಣವನ್ನೇ ತಿದ್ದಿ, ಇಂತಹ ಉದ್ಯಮಗಳಿಗೆ ಈ ರಿಯಾಯಿತಿ ಇಲ್ಲವೆಂದು ಮಾಡಿತು.

ಈ ಕ್ರಮವನ್ನು ಬಣ್ಣದ ಡೀಸೆಲಿನೊಡನೆ ಹೋಲಿಸಿ ನೋಡಬೇಕು. ಗಣಿಯ ಡಂಪರಿಗೆಂದು ಕಡಮೆ ತೆರಿಗೆಯಲ್ಲಿ ಕೊಂಡ ಡೀಸೆಲನ್ನು ರಸ್ತೆಯ ಲಾರಿಗೆ ಹಾಕಿದರೆ, ಅದು ಘೋಷಿಸಿದ ಉದ್ದೇಶಕ್ಕೆ ಬಳಸದ ಅಪರಾಧ. ೧೦ನೆಯ ಪ್ರಕರಣದಲ್ಲಿ ಶಿಕ್ಷೆ, ೧೦ಎ ಪ್ರಕರಣದಲ್ಲಿ ತೆರಿಗೆಯ ಒಂದೂವರೆ ಪಟ್ಟಿನವರೆಗೆ ದಂಡ. ತತ್ತ್ವವು ಅಮೆರಿಕದ್ದೇ. ಆದರೆ ಗುರುತು ಎಣ್ಣೆಯಲ್ಲಿಲ್ಲ, ಕಾಗದದಲ್ಲಿದೆ. ಕಾಗದವು ಕಚೇರಿಯಲ್ಲಿಯೇ ಉಳಿಯುತ್ತದೆ. ಎಣ್ಣೆಯು ರಸ್ತೆಗೆ ಹೋಗುತ್ತದೆ. ವಾಡಿಯ ರಸ್ತೆಯಲ್ಲಿ ಲಾರಿಯನ್ನು ನಿಲ್ಲಿಸಿದ ಯಾವ ಅಧಿಕಾರಿಯೂ ಅದರೊಳಗಿನ ಡೀಸೆಲು ಶೇಕಡಾ ೨ರದೋ ಪೂರ್ಣ ತೆರಿಗೆಯದೋ ಎಂದು ಹೇಳಲಾರನು. ಇಂತಹ ನಿಯಮದ ಜಾರಿಯು ಲೆಕ್ಕಪತ್ರಗಳ ತಪಾಸಣೆಯಿಂದ ಮಾತ್ರ ಸಾಧ್ಯ. ಬ್ರಿಟನ್ ೨೦೨೨ರಲ್ಲಿ, ಭಾರತ ೨೦೨೧ರಲ್ಲಿ, ಬೇರೆ ಬೇರೆ ದಾರಿಗಳಿಂದ ಗಣಿಗಳ ಅಗ್ಗದ ಡೀಸ��ಲನ್ನು ಹಿಂತೆಗೆದುಕೊಂಡುದು ಗಮನಾರ್ಹವಾಗಿದೆ.

ಗುರುತೇ ಇಲ್ಲದ ಅಂತರವು ಏನಾಗುತ್ತದೆಂಬುದಕ್ಕೂ ನಿದರ್ಶನವುಂಟು. ೨೦೧೩ರ ಜನವರಿಯಲ್ಲಿ, ಸಗಟಾಗಿ ಕೊಳ್ಳುವ ರೈಲ್ವೆ, ಸಾರಿಗೆ ಸಂಸ್ಥೆ, ಕಾರ್ಖಾನೆ ಮೊದಲಾದವರು ಡೀಸೆಲಿಗೆ ಪೂರ್ಣ ಮಾರುಕಟ್ಟೆ ಬೆಲೆ ಕೊಡಬೇಕೆಂದು ಕೇಂದ್ರವು ನಿರ್ಧರಿಸಿತು. ಬಂಕಿನ ಡೀಸೆಲು ಲೀಟರಿಗೆ ಸುಮಾರು ೧೦ ರೂಪಾಯಿ ಅಗ್ಗವಾಗಿ ಉಳಿಯಿತು. ಕೂಡಲೇ ದಕ್ಷಿಣದ ಕೆಲವು ಸಾರಿಗೆ ಸಂಸ್ಥೆಗಳು ತಮ್ಮ ಡಿಪೋಗಳ ಪಂಪುಗಳನ್ನು ಬಿಟ್ಟು, ಬಸ್ಸುಗಳನ್ನು ಬಂಕುಗಳ ಮುಂದೆ ಸಾಲಾಗಿ ನಿಲ್ಲಿಸಿದವು. ಸರ್ಕಾರದ ಸಂಸ್ಥೆಯೇ ಅಂತರವನ್ನು ಅನುಸರಿಸಿ ನಡೆದ ಮೇಲೆ ಖಾಸಗಿ ಲಾರಿಯವನಿಂದ ಬೇರೇನನ್ನು ನಿರೀಕ್ಷಿಸಬಹುದು? ೨೦೧೪ರ ಅಕ್ಟೋಬರಿನಲ್ಲಿ ಡೀಸೆಲಿನ ಚಿಲ್ಲರೆ ಬೆಲೆಯನ್ನೂ ಮುಕ್ತಗೊಳಿಸಿದಾಗ ಈ ಸಮಸ್ಯೆ ತಾನಾಗಿ ನಿಂತಿತು.

೬. ಅಂತರವು ಅಳಿದಾಗ

ಪಡಿತರ ಸೀಮೆಎಣ್ಣೆಯ ವಿಷಯದಲ್ಲಿಯೂ ಇದೇ ನಡೆಯಿತು. ೨೦೧೬ರಿಂದ ಅದರ ಬೆಲೆಯನ್ನು ಲೀಟರಿಗೆ ೨೫ ಪೈಸೆಗಳಂತೆ ಹಂತಹಂತವಾಗಿ ಏರಿಸುತ್ತ ಬಂದು, ೨೦೨೦ರ ಮಾರ್ಚಿ ವೇಳೆಗೆ ಸಹಾಯಧನವನ್ನು ಶೂನ್ಯಕ್ಕೆ ತಂದರು. ಅದೇ ಕಾಲದಲ್ಲಿ ೨೦೧೬ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಮನೆಗಳಿಗೆ ಅಡುಗೆ ಅನಿಲದ ಸಂಪರ್ಕಗಳು ದೊರೆತವು. ಪಡಿತರ ಸೀಮೆಎಣ್ಣೆಯ ಹಂಚಿಕೆ ಇಳಿಯಿತು. ನೀಲಿ ಬಣ್ಣ, ರಾಸಾಯನಿಕ ಗುರುತು, ಏಳು ವರ್ಷಗಳ ಸೆರೆಮನೆಯ ಬೆದರಿಕೆ ಇವೆಲ್ಲ ದಶಕಗಳ ಕಾಲ ತಡೆಯಲಾರದೆ ಹೋದುದನ್ನು ಹಂತಹಂತವಾದ ೨೫ ಪೈಸೆಯ ಏರಿಕೆಯು ಸದ್ದಿಲ್ಲದೆ ಕುಗ್ಗಿಸಿತು. ಲಾಭವಿಲ್ಲದಲ್ಲಿ ಕಲಬೆರಕೆ ಮಾಡುವವರಾರು?

ಆದರೆ ಈ ಗೆಲುವಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುವುದು ಸಂಶೋಧಕನ ಕರ್ತವ್ಯ. ಅಂತರವನ್ನು ಅಳಿಸಿದುದು ಡೀಸೆಲಿನ ಬೆಲೆಯನ್ನು ಇಳಿಸಿಯಲ್ಲ, ಬಡವರ ಎಣ್ಣೆಯ ಬೆಲೆಯನ್ನು ಏರಿಸಿ. ವಿದ್ಯುತ್ತು ನಿಲ್ಲದೆ ಬರುವ ಮನೆಗೆ, ಅನಿಲದ ಸಿಲಿಂಡರನ್ನು ಮತ್ತೆ ತುಂಬಿಸಿಕೊಳ್ಳಲು ಶಕ್ತಿಯುಳ್ಳ ಮನೆಗೆ ಇದರಿಂದ ತೊಂದರೆಯಿಲ್ಲ. ಈ ಎರಡೂ ಇಲ್ಲದ ಮನೆಗೆ ಮೊದಲು ಎಣ್ಣೆಯು ಕಳ್ಳತನದಿಂದ ದೊರೆಯದೆ ಹೋಯಿತು, ಆಮೇಲೆ ಬೆಲೆಯಿಂದ ದೊರೆಯದೆ ಹೋಯಿತು. ಕಳ್ಳತನ ನಿಂತಿತೆಂಬ ಮಾತ್ರಕ್ಕೆ ಆ ಮನೆಗೆ ನ್ಯಾಯ ಸಂದಿತೆಂದು ಹೇಳಲಾಗದು.

೭. ಇಂದಿನ ಅಂತರಗಳು

ನೀಲಿ ಎಣ್ಣೆಯ ಅಂತರ ಅಳಿದರೂ ಬೇರೆ ಎರಡು ಅಂತರಗಳು ಈ ಸೀಮೆಯಲ್ಲಿ ಉಳಿದಿವೆ. ಒಂದನೆಯದು ರಾಜ್ಯದ ಗಡಿಯದು. ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳ ಪೂರ್ವದ ಎಲ್ಲೆಯ ಆಚೆಗೆ ತೆಲಂಗಾಣವಿದೆ. ತಾಂಡೂರಿನ ಕಡೆಗೆ ಲಾರಿಗಳು ನಿತ್ಯ ಹೋಗಿಬರುತ್ತವೆ. ತೆಲಂಗಾಣದಲ್ಲಿ ಡೀಸೆಲಿನ ಮೇಲೆ ತೆರಿಗೆಯ ದರ ಶೇಕಡಾ ೨೭. ಕರ್ನಾಟಕದ ದರವು ೨೦೨೪ರ ಜೂನ್ ೧೫ರಂದು ಶೇಕಡಾ ೧೪.೩೪ರಿಂದ ೧೮.೪೪ಕ್ಕೂ, ೨೦೨೫ರ ಏಪ್ರಿಲ್ ೧ರಂದು ೨೧.೧೭ಕ್ಕೂ ಏರಿತು. ಎಂದರೆ, ಎರಡು ದರಗಳ ಅಂತರವು ಒಂದು ವರ್ಷದೊಳಗಾಗಿ ೧೨.೬೬ ಅಂಶಗಳಿಂದ ೫.೮೩ ಅಂಶಗಳಿಗೆ ಇಳಿಯಿತು. ಹೈದರಾಬಾದಿಗೆ ಹೊರಟ ಲಾರಿಯು ಗಡಿಯ ಈಚೆಯ ಬಂಕಿನಲ್ಲಿ ಟ್ಯಾಂಕು ತುಂಬಿಸಿಕೊಳ್ಳುವುದು ಅಪರಾಧವಲ್ಲ. ತೆರಿಗೆಯು ಕರ್ನಾಟಕಕ್ಕೆ ಸಂದೇ ಇದೆ. ಆದರೆ ಪೀಪಾಯಿಗಳಲ್ಲಿ ಹೊತ್ತು ಆಚೆ ಮಾರುವುದು ಬೇರೆಯ ಮಾತು. ೧೯೩೪ರ ಪೆಟ್ರೋಲಿಯಂ ಅಧಿನಿಯಮದಂತೆ 'ಬಿ' ವರ್ಗಕ್ಕೆ ಸೇರಿದ ಡೀಸೆಲನ್ನು ಒಟ್ಟು ೨,೫೦೦ ಲೀಟರಿಗೆ ಮೀರಿ, ಅಥವಾ ೧,೦೦೦ ಲೀಟರಿಗೆ ಮೀರಿದ ಒಂದೇ ಪಾತ್ರೆಯಲ್ಲಿ, ಲೈಸೆನ್ಸಿಲ್ಲದೆ ಇಡುವಂತಿಲ್ಲ. ವಾಣಿಜ್ಯ ತೆರಿಗೆಯ ಗಡಿಠಾಣೆಗಳು ೨೦೧೭ರ ಬದಲಾವಣೆಯೊಡನೆ ಇಲ್ಲವಾದುದರಿಂದ, ಕರೋಡಗಿರಿಯ ನಾಕೆಯಂತೆ ನಿಂತು ನೋಡುವವರು ಈಗಿಲ್ಲ.

ಎರಡನೆಯದು ಜೈವಿಕ ಡೀಸೆಲಿನ ಹೆಸರಿನದು. ನಿಜವಾದ ಜೈವಿಕ ಡೀಸೆಲು ಸಸ್ಯತೈಲ ಅಥವಾ ಕೊಬ್ಬಿನಿಂದ ತಯಾರಾದ, ಮಾನಕಕ್ಕೆ ಒಳಪಟ್ಟ ಇಂಧನ. ಅದನ್ನು ಡೀಸೆಲಿನೊಡನೆ ಬೆರೆಸಲು ಮಾರುವುದಕ್ಕೆ ಕೇಂದ್ರವು ೨೦೧೯ರ ಏಪ್ರಿಲಿನಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ. ಅದಕ್ಕೆ ಸರಕು ಮತ್ತು ಸೇವಾ ತೆರಿಗೆ; ಡೀಸೆಲಿಗೆ ಉತ್ಪಾದನಾ ಸುಂಕ ಮತ್ತು ಮಾರಾಟ ತೆರಿಗೆ. ಈ ಭೇದದ ನೆರಳಿನಲ್ಲಿ, ಕೈಗಾರಿಕೆಯ ಅಗ್ಗದ ಖನಿಜತೈಲಗಳನ್ನು ಜೈವಿಕ ಡೀಸೆಲೆಂಬ ಹೆಸರಿನಿಂದ ಲಾರಿಗಳಿಗೆ ಮಾರುವ ಅನಧಿಕೃತ ಪಂಪುಗಳು ಗುಜರಾತು ಮೊದಲಾದ ರಾಜ್ಯಗಳಲ್ಲಿ ಪತ್ತೆಯಾದವು. ಇದಕ್ಕೆ ನೀಲಿಯೂ ಇಲ್ಲ, ಕೆಂಪೂ ಇಲ್ಲ. ಹೆಸರೊಂದೇ ಗುರುತು, ಆ ಹೆಸರೂ ಸುಳ್ಳು. ಲಾರಿಯ ಮಾಲೀಕರು ಇಂತಹ ಪಂಪಿನಲ್ಲಿ ಲೈಸೆನ್ಸನ್ನೂ ರಸೀತಿಯನ್ನೂ ಕೇಳುವುದು ತಮ್ಮ ಎಂಜಿನ್ನಿನ ಹಿತಕ್ಕೂ, ಎಚ್ಚರ ವಹಿಸಿದೆವೆಂದು ಮುಂದೆ ಸಿದ್ಧಪಡಿಸುವುದಕ್ಕೂ ಅವಶ್ಯ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಫಲಿಸುತ್ತವೆ. ಒಂದು: ಗುರುತು ಎಲ್ಲಿದೆಯೋ ಜಾರಿಯು ಅಲ್ಲಿಯವರೆಗೆ ಮಾತ್ರ ಹೋಗಬಲ್ಲದು. ಬಣ್ಣವು ಟ್ಯಾಂಕಿನವರೆಗೆ, ಕಾಗದವು ಕಚೇರಿಯವರೆಗೆ, ಹೆಸರು ಫಲಕದವರೆಗೆ. ಎರಡು: ಯಾವ ಗುರುತೂ ಬೆಲೆಯ ಅಂತರಕ್ಕಿಂತ ಬಲವಾದುದಲ್ಲ. ಮೂರು: ಅಂತರವನ್ನು ಅಳಿಸುವಾಗ ಯಾರ ಕಡೆಯಿಂದ ಅಳಿಸಿದೆವು ಎಂಬುದು ಕೇವಲ ಲೆಕ್ಕದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಆದುದರಿಂದ ಹೊಸದಾಗಿ ರಿಯಾಯಿತಿಯೊಂದನ್ನು ಕಲ್ಪಿಸುವ ಮುನ್ನ, ಅದರ ಅಂತರವನ್ನು ಕಾಯಲು ಎಷ್ಟು ಜನ ಅಧಿಕಾರಿಗಳನ್ನು ಯಾವ ಅಪಾಯಕ್ಕೆ ಒಡ್ಡಬೇಕಾಗುವುದೆಂದು ಶಾಸನಕರ್ತರು ಯೋಚಿಸುವುದು ಉಚಿತ. ಬಡವರಿಗೆ ಸಲ್ಲಬೇಕಾದ ಸಹಾಯವನ್ನು ಎಣ್ಣೆಯ ಬೆಲೆಯಲ್ಲಿ ಅಡಗಿಸುವುದಕ್ಕಿಂತ ಅವರ ಕೈಗೇ ಮುಟ್ಟಿಸುವುದು ಲೇಸು. ಏಕೆಂದರೆ ಕೈಯಲ್ಲಿರುವ ಹಣವನ್ನು ಲಾರಿಯ ಟ್ಯಾಂಕಿಗೆ ಸುರಿಯಲಾಗದು. ಸೇಡಂ, ಚಿಂಚೋಳಿಗಳ ಗಡಿಯ ಬಂಕುಗಳ ಮಾರಾಟವು ತೆರಿಗೆಯ ದರದೊಡನೆ ಹೇಗೆ ಏರಿಳಿಯುತ್ತದೆಂಬುದನ್ನೂ, ಪಡಿತರದ ಎಣ್ಣೆ ನಿಂತ ಮೇಲೆ ತಾಂಡಾಗಳ ಮನೆಗಳಲ್ಲಿ ದೀಪಕ್ಕೂ ಒಲೆಗೂ ಏನು ಬಳಕೆಯಾಗುತ್ತಿದೆಯೆಂಬುದನ್ನೂ ಈ ಭಾಗದ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿಯೇ ವಿಚಾರಿಸಿ ಬರೆದಿಡಬಹುದು. ಎರಡನೆಯ ಪ್ರಶ್ನೆಗೆ ಉತ್ತರ ದೊರೆತ ಹೊರತು, ನೀಲಿ ಎಣ್ಣೆಯ ಕಥೆ ಮುಗಿಯಿತೆಂದು ನಾವು ಭಾವಿಸಲಾರೆವು.